ಒಂದು ಕಿಲೋಗೆ ಒಂಬತ್ತು ಕಿಲೋ

ಏಪ್ರಿಲ್ 3, ಬೆಳಿಗ್ಗೆ 8.10

ಮೂರನೇ ಟ್ಯಾಂಕಿನ ಗ್ಯಾಸ್ ಪರೀಕ್ಷೆ ಮುಗಿಯಿತು. ಶುದ್ಧ ಹೈಡ್ರೋಜನ್. ದಿನವೂ ಅದೇ — ಅಲ್ಯೂಮಿನಿಯಂ ಚೂರು, ಕಾಸ್ಟಿಕ್ ಸೋಡಾ ಬೆರೆಸಿದ ನೀರು, ಗುಳುಗುಳು ಗುಳ್ಳೆ. ಎಂಟೂವರೆಗೆ ಬಸ್ಸುಗಳು ತುಂಬಿಸಿಕೊಂಡು ಹೊರಡುತ್ತವೆ. ಒಂದೊಂದರ ಬೆನ್ನ ಮೇಲೂ ದೊಡ್ಡ ಅಕ್ಷರ: 'ಹೊಗೆ ಇಲ್ಲ, ಕಸವೇ ಇಂಧನ.' ಆ ಸಾಲು ನನ್ನದೇ. ಈಗಲೂ ಓದಿದರೆ ತುಸು ಜಂಬ.

ಏಪ್ರಿಲ್ 4, ಮಧ್ಯಾಹ್ನ

ಮಾಲಿನ್ಯ ಮಂಡಳಿಯಿಂದ ವರ್ಷದ ಸರ್ಟಿಫಿಕೇಟ್ ಫಾರಂ ಬಂದಿತ್ತು. 'ಲೋಹದ ಮೂಲ' ಎಂಬಲ್ಲಿ ಎಂದಿನಂತೆ 'ಗುಜರಿ, ನೂರಕ್ಕೆ ನೂರು' ಎಂದು ತುಂಬಿದೆ. ಯಾಕೋ ಒಮ್ಮೆ ನೋಡಿಬಿಡೋಣ ಎನಿಸಿ ಗೋಡೌನಿಗೆ ಹೋದೆ.

ಚಪ್ಪಟೆ ಕ್ಯಾನುಗಳ ರಾಶಿ ಇರಬೇಕಾದಲ್ಲಿ ಫಳಫಳ ಹೊಳೆಯುವ ಗಟ್ಟಿಗಳು. ಹೊಚ್ಚಹೊಸ ಅಲ್ಯೂಮಿನಿಯಂ.

ಸ್ಟೋರ್‌ಕೀಪರ್ — ಎಲ್ಲರಿಗೂ ಅವನು ತಕ್ಕಡಿಯಣ್ಣ — ನಕ್ಕ.

"ಈಗ ಕಣ್ಣಿಗೆ ಬಿತ್ತಾ ಮೇಡಂ? ಏಳು ತಿಂಗಳಾಯ್ತು. ಎರಡು ಬಸ್ ಇದ್ದಾಗ ಗುಜರಿ ಸಾಕಿತ್ತು. ಈಗ ನಲವತ್ತು. ಊರಿಗೂರೇ ಕೂತು ಸೋಡಾ ಕುಡಿದ್ರೂ ಅಷ್ಟು ಕ್ಯಾನ್ ಆಗಲ್ಲ."

ತಿಂಗಳಿಗೊಂದರಂತೆ ಏಳು ಖರೀದಿ ಚೀಟಿಗಳನ್ನು ಮುಂದಿಟ್ಟ. ಏಳರಲ್ಲೂ ನನ್ನ ಸಹಿ. ಓದದೇ ಹಾಕಿದ್ದು.

ಸಂಜೆ 5

ಲೆಕ್ಕ ಹಾಕಿದೆ. ಮೂರು ಸಲ. ತಪ್ಪಿರಲಿ ಎಂದು ಹಾರೈಸುತ್ತಲೇ.

ಒಂದು ಕಿಲೋ ಹೈಡ್ರೋಜನ್‌ಗೆ ಒಂಬತ್ತು ಕಿಲೋ ಅಲ್ಯೂಮಿನಿಯಂ. ಅಷ್ಟನ್ನು ಹೊಸದಾಗಿ ತೆಗೆಯಲು ನೂರಮೂವತ್ತು ಯೂನಿಟ್ ಕರೆಂಟ್ ಬೇಕು. ಲೋಹ ತೆಗೆಯುವ ಕಾರ್ಖಾನೆಯದು ಕಲ್ಲಿದ್ದಲ ಕರೆಂಟ್. ಹೈಡ್ರೋಜನ್ನಿನಲ್ಲಿ ವಾಪಸ್ ಸಿಗುವುದು ಮೂವತ್ತಮೂರು. ಜೊತೆಗೆ ಇಪ್ಪತ್ತು ಕಿಲೋದಷ್ಟು ಕೆಂಪು ಕೆಸರು. ಬೆಟ್ಟ ಅಗೆದು ಇಲಿ ಹಿಡಿಯುವುದು ಬರೀ ಗಾದೆ ಎಂದುಕೊಂಡಿದ್ದೆ… ನಾವು ಅದಕ್ಕೊಂದು ಫ್ಯಾಕ್ಟರಿಯನ್ನೇ ಕಟ್ಟಿದ್ದೇವೆ.

ಗಟ್ಟಿಗಳ ಮೇಲಿನ ಮುದ್ರೆ ಭಾವ ಕೆಲಸ ಮಾಡುವ ಕಂಪನಿಯದು. ಅದಿರನ್ನು ಕಾಸ್ಟಿಕ್‌ನಲ್ಲಿ ಬೇಯಿಸಿದ ಮೇಲೆ ಉಳಿಯುವ ಕೆಸರನ್ನು ಕೊಳಕ್ಕೆ ಪಂಪ್ ಮಾಡುವುದು ಅವರ ಕೆಲಸ. ಅಕ್ಕನ ಮನೆ ಅದೇ ಕೊಳದ ಆಚೆ. ನಾನು ಹೋಗಿ ಮೂರು ವರ್ಷವಾಗಿದೆ. ಬರೀ ಫೋನು.

ಏಪ್ರಿಲ್ 8, ಅಕ್ಕನ ಮನೆ

ಕೊಳ ಎನ್ನುತ್ತಾರೆ. ಆಚೆ ದಡ ಕಾಣುವುದಿಲ್ಲ. ಕೆಂಪು, ಮೇಲೆ ಬಿರುಕುಬಿಟ್ಟ ಕೆನೆ. ಒಂದು ಹಕ್ಕಿಯೂ ಇಲ್ಲ. ಭಾವ ಏರಿಯ ಮೇಲೆ ನಿಂತು, "ಏಳು ತಿಂಗಳಿಂದ ಎರಡು ಶಿಫ್ಟು ಕಣಮ್ಮ. ಆರ್ಡರ್ ಮೇಲೆ ಆರ್ಡರ್. ಯಾರೋ ಪುಣ್ಯಾತ್ಮರು ಬರೀ ಗಟ್ಟಿ ತಿಂತಾರೇನೋ!" ಎಂದರು.

ಆ ಪುಣ್ಯಾತ್ಮರು ನಾವೇ.

ಹಿತ್ತಲಿನ ಬಾವಿಯಲ್ಲಿ ಕೈ ತೊಳೆದೆ. ಬೆರಳು ಬೆರಳಿಗೆ ತಾಗಿ ಜಾರಿತು. ಈ ಜಾರಿಕೆ ಗೊತ್ತು. ಲ್ಯಾಬಿನಲ್ಲಿ ಗ್ಲೌಸ್ ಹರಿದು ಕಾಸ್ಟಿಕ್ ತಾಗಿದಾಗ ಹೀಗೇ ಆಗುತ್ತದೆ — ಚರ್ಮದ ಜಿಡ್ಡೇ ಸೋಪಾಗುವುದು.

"ಚೆನ್ನಾಗಿದೆ ಅಲ್ವೇನೇ?" ಅಕ್ಕ ಖುಷಿಯಿಂದ ಹೇಳಿದಳು. "ಮೊದಲು ಹೀಗಿರ್ಲಿಲ್ಲ. ಈಗೀಗ ಪಾತ್ರೆಗೆ ಸೋಪೇ ಬೇಡ. ಹಾಗೇ ಫಳಫಳ."

ಬ್ಯಾಗಿನಲ್ಲಿದ್ದ ಪರೀಕ್ಷೆಯ ಕಾಗದ ಅದ್ದಿದೆ. ಕಡು ನೀಲಿ. ಪಿಎಚ್ ಹತ್ತು ದಾಟಿತು; ಕುಡಿಯುವ ನೀರಿನದು ಎಂಟೂವರೆ ಮೀರಬಾರದು. ಇನ್ನೊಂದು ಅದ್ದಿದೆ. ಅದೂ ಅಷ್ಟೇ. ಲ್ಯಾಬಿಗೆಂದು ಒಂದು ಬಾಟಲಿ ನೀರು ತುಂಬಿಕೊಂಡೆ.

ಅಕ್ಕನ ಕೈ ಹಿಡಿದು ನೋಡಿದೆ. ಬೆರಳ ತುದಿಯಲ್ಲಿ ಗೆರೆಗಳೇ ಇಲ್ಲ. ಸವೆದು ನುಣ್ಣಗೆ.

"ಇದನ್ನ ಕುಡೀತೀರಾ?"

"ಅಯ್ಯೋ ಇಲ್ಲಪ್ಪ, ಕುಡಿಯೋಕೆ ಟ್ಯಾಂಕರ್ ಬರುತ್ತೆ. ಅದ್ಯಾಕೆ ಹಾಗೆ ನೋಡ್ತೀಯ, ದೆವ್ವ ಕಂಡವಳ ಹಾಗೆ?"

ಬಾವಿ ಮುಟ್ಟಬೇಡ ಎಂದೆ. ನಕ್ಕಳು. ಕೂಗಿ ಹೇಳಿದೆ. ಆಗ ನಗು ನಿಲ್ಲಿಸಿದಳು.

ಏಪ್ರಿಲ್ 10, ಬೆಳಿಗ್ಗೆ 11

ಡೈರೆಕ್ಟರ್ ಕ್ಯಾಬಿನ್.

"ಸರ್, ಗುಜರಿ ಅಲ್ಲ ಅಂತ ನಿಮಗೆ ಗೊತ್ತಿತ್ತಾ?"

"ಸಹಿ ಯಾರದಮ್ಮ?" ಮೆತ್ತಗೆ ಕೇಳಿದರು. "ಕೆಸರು ಮಾಡ್ತಿರೋದು ನಾವಲ್ಲ. ನಾವು ಗಟ್ಟಿ ತಗೋತೀವಿ, ಅಷ್ಟೆ. ನಮ್ಮ ಬಸ್ಸಲ್ಲಿ ಹೊಗೆ ಬರುತ್ತಾ? ಇಲ್ವಲ್ಲ."

ಹೊಗೆ ಎಲ್ಲಿಗೂ ಹೋಗಿಲ್ಲ ಸರ್, ಅಕ್ಕನ ಊರಿಗೆ ವರ್ಗ ಆಗಿದೆ — ಎಂದೆ. ಎಂದೆನೋ, ಅಂದುಕೊಂಡೆನೋ. ನೆನಪಿಲ್ಲ.

ಫಾರಂನಲ್ಲಿ 'ಗುಜರಿ' ಹೊಡೆದುಹಾಕಿದೆ. 'ಹೊಸ ಲೋಹ, ಏಳು ತಿಂಗಳಿಂದ' ಎಂದು ಬರೆದೆ. ಏಳು ಚೀಟಿಯ ನಕಲು, ಬಾವಿಯ ಪರೀಕ್ಷೆಯ ವರದಿ ಜೊತೆಗಿಟ್ಟು ನಾನೇ ಮಂಡಳಿಗೆ ಹೋಗಿ ಕೊಟ್ಟುಬಂದೆ.

ಏಪ್ರಿಲ್ 19, ಬೆಳಿಗ್ಗೆ 10

ಒಂಬತ್ತು ದಿನ ಬರೆಯಲಾಗಲಿಲ್ಲ. ನನ್ನನ್ನು ಲ್ಯಾಬಿನಿಂದ ಹೊರಗಿಟ್ಟಿದ್ದಾರೆ. ಬಸ್ಸುಗಳ ಬೆನ್ನ ಮೇಲೆ ಬಿಳಿ ಬಣ್ಣ ಬಳಿದಿದ್ದಾರೆ.

ಈಗಷ್ಟೇ ಅಕ್ಕನ ಫೋನ್. ಅಧಿಕಾರಿಗಳು ಬಂದು ಬಾವಿಗೆ ಮುಚ್ಚಳ ಹಾಕಿ ಬೀಗ ಜಡಿದರಂತೆ. ಇಡೀ ಬೀದಿಯ ಬಾವಿಗಳಿಗೆ. ಭಾವನಿಗೆ ನಾಳೆಯಿಂದ ಬರಬೇಡ ಎಂದರಂತೆ. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

"ಒಂದು ಕೇಳ್ತೀನಿ, ಓದಿದವಳು ನೀನು," ಎಂದಳು. ಹಿಂದೆ ಅವಳ ಪುಟ್ಟ ಮಗಳು ಏನೋ ಹಾಡಿಕೊಳ್ಳುತ್ತಿದ್ದಳು.

"ಟ್ಯಾಂಕರ್ ಬರದ ದಿನ ಮಗುಗೆ ಬಾವಿ ನೀರೇ ಕೊಟ್ಟಿದೀನಿ ಕಣೇ. ಹಾಗೇ ಅಲ್ಲ, ಚೆನ್ನಾಗಿ ಕುದಿಸಿ. ಕುದಿಸಿದ್ರೆ ಅದೆಲ್ಲ ಹೋಗುತ್ತಲ್ವಾ?"

ಹೋಗುವುದಿಲ್ಲ. ನೀರು ಆವಿಯಾಗುತ್ತದೆ, ಕಾಸ್ಟಿಕ್ ಉಳಿಯುತ್ತದೆ. ಕುದಿಸಿದಷ್ಟೂ ಇನ್ನೂ—

ಅಕ್ಕ ಲೈನಿನಲ್ಲೇ ಇದ್ದಳು. ನಾನು ಹೇಳಿದೆ, "ಅಕ್ಕಾ, ಹೋಗಲ್ಲ. ಮಗುನ ಇವತ್ತೇ ಡಾಕ್ಟರಿಗೆ ತೋರಿಸು."