ಹಣಮಪ್ಪನ ಗುಡ್ಡ ಹತ್ತಿ ಬಂದೆ

ಅಪ್ಪಾ,

ಸತ್ತವರಿಗೆ ಪತ್ರ ಮುಟ್ಟುವುದಿಲ್ಲ, ಗೊತ್ತು. ಆದರೂ ನಿನ್ನನ್ನು ಬೈಯದೆ ನನಗೆ ಇವತ್ತು ಊಟ ಇಳಿಯುವುದಿಲ್ಲ.

ಹಣಮಪ್ಪನ ಗುಡ್ಡ ಹತ್ತಿ ಬಂದೆ. ಹೌದು, ಇದೇ ಪೋಲಿಯೊ ಕಾಲಿನಲ್ಲಿ. ಶ್ರಾವಣ ಬಂದರೆ ದೇವರ ಗುಡ್ಡವೆಂದು ಮನೆಮಂದಿಯೆಲ್ಲ ಬರಿಗಾಲಲ್ಲಿ ಹತ್ತುತ್ತಿದ್ದಿರಿ. ನನಗೆ ಮಾತ್ರ ಕೆಳಗಿನ ಬೇವಿನ ಮರದ ಬುಡ ತೋರಿಸಿ, “ನಿನ್ನ ಕಾಲಿಗಿ ಆಗಂಗಿಲ್ಲ, ಚಪ್ಪಲಿ ಕಾಯ್ಕೋಂತ ಕುಂದ್ರು” ಎನ್ನುತ್ತಿದ್ದೆ. ಅದೇನು ಹಿಮಾಲಯವೇ? ಮುದ್ದೇಬಿಹಾಳದ ಬಸ್ಸಿಳಿದ ಮುದುಕಿಯರು ಎಲೆ ಅಡಿಕೆ ಜಗಿಯುತ್ತ ಹತ್ತುವ ಗುಡ್ಡ. ನಾನು ಏದುಸಿರು ಬಿಡುತ್ತ ನಿಂತಾಗ ಅವರಲ್ಲೊಬ್ಬಳು, “ಸಾವಕಾಶ ಹತ್ತಬೇ ಯವ್ವಾ, ಗುಡ್ಡ ಎಲ್ಲಿಗೂ ಓಡಿ ಹೋಗಂಗಿಲ್ಲ” ಎಂದಳು. ಇಷ್ಟು ಮಾತು ನಿನ್ನ ಬಾಯಿಂದ ಒಮ್ಮೆಯೂ ಬರಲಿಲ್ಲ.

ಮೇಲೆ ನಿಂತರೆ ಆಲಮಟ್ಟಿಯ ಹಿನ್ನೀರು ಕಣ್ಣು ಹಾಯುವವರೆಗೂ ಹರಡಿತ್ತು. ನೀನು ಪ್ರತಿ ವರ್ಷ ಇಳಿದು ಬಂದು, “ಮ್ಯಾಲೆ ಏನೂ ಇಲ್ಲ ಬಿಡು, ಬರೇ ಕಲ್ಲು” ಎನ್ನುತ್ತಿದ್ದೆ. ಎಂಥ ಸುಳ್ಳ ನೀನು.

ಅಲ್ಲಿಂದ ಕೆಳಗಿನ ಬೇವಿನ ಮರವೂ ಕಾಣುತ್ತದೆ, ಅದರ ಬುಡದಲ್ಲಿ ಕೂತವರ ಸೀರೆಯ ಬಣ್ಣವೂ ಕಾಣುತ್ತದೆ. ಅಂದರೆ, ಚಪ್ಪಲಿಗಳ ನಡುವೆ ಒಬ್ಬಳೇ ಕೂತ ನಾನು ನಿನಗೆ ಪ್ರತಿ ಸಲವೂ ಕಾಣುತ್ತಿದ್ದೆ.

ಇವತ್ತು ನನ್ನ ಚಪ್ಪಲಿಯನ್ನು ಅದೇ ಮರದಡಿ ಬಿಟ್ಟು ಹತ್ತಿದೆ. ಕಾಯುವುದಕ್ಕೆ ನೀನು ಇರಬೇಕಿತ್ತು.