ಗುಡಿಸಿಟ್ಟ ಬಾಯಿ

ಮಾರ್ಚ್ ೩

ಲೋಟದಿಂದ ಹಲ್ಲು ತೆಗೆದೆ. ಬೇಸಿನ್ನಿಗೆ ಟವೆಲ್ ಹಾಸಿ ಉಜ್ಜಿದೆ — ಕೈಜಾರಿದರೆ ಒಡೆಯಬಾರದಲ್ಲ. ಹಾಕಿಕೊಂಡೆ. ಕೆಳಗೆ, ಎಡಗಡೆ ಚುಚ್ಚಿತು. ಹೊಸದಲ್ಲವೇ, ಹೊಂದಿಕೊಳ್ಳಬೇಕಂತೆ. ಸೊಸೆಗೇ ಹೊಂದಿಕೊಂಡವಳು, ಇದೇನು ಮಹಾ.

ಮಧ್ಯಾಹ್ನ ಮತ್ತೆ ಮಿಕ್ಸಿ. ಅನ್ನ, ಬೀನ್ಸ್, ಕ್ಯಾರೆಟ್ ಎಲ್ಲ ಸೇರಿ ಒಂದೇ ಬಣ್ಣ. ಗೋಡೆಗೆ ಬಳಿದಿದ್ದರೆ ಎರಡು ಕೋಟ್ ಬರುತ್ತಿತ್ತು. ಮಿಕ್ಕವರ ತಟ್ಟೆಯಲ್ಲಿ ಹೆಚ್ಚಿದ ಸೌತೆಕಾಯಿ, ಮೇಲೆ ಉಪ್ಪು, ಮೆಣಸಿನ ಪುಡಿ. ನನ್ನ ಪಾಲಿಗೆ ಬರೀ ಕರುಂ ಕುರುಂ ಸದ್ದು.

"ನುಣ್ಣಗೆ ಮಾಡಿದೀನಿ ಅತ್ತೆ. ಹಲ್ಲಿಗೆ ಕೆಲಸವೇ ಇಲ್ಲ" ಅಂದಳು ಸೊಸೆ.

"ಕೆಲಸ ಇಲ್ಲ ಅಂದ್ಮೇಲೆ ಇವನ್ನ ಯಾಕಮ್ಮ ಕರ್ಕೊಂಡು ಬಂದ್ರಿ?"

ಮಗ ಇನ್ನೊಂದು ಸೌತೆಕಾಯಿ ಹೋಳು ಬಾಯಿಗಿಟ್ಟ.

ಮಾರ್ಚ್ ೫

ಇವರಿಗೆ ಈ ವಯಸ್ಸಿನಲ್ಲೂ ಸ್ವಂತ ಹಲ್ಲು. ಅದೇ ಜಂಬ. ನನ್ನ ಎದುರಿಗೇ ಕೂತು ಹುರಿಗಡಲೆ ಮೆಲ್ಲುತ್ತ, "ಅದೇನೋ ಗಾದೆ ಇದೆಯಲ್ಲೇ, ಕಡಲೆ ಇದ್ದಾಗ..." ಅಂತ ಶುರು ಮಾಡಿದರು.

"ನಿಮಗೆ ಹಲ್ಲೂ ಇದೆ, ಕಡಲೇನೂ ಇದೆ. ಸುಮ್ಮನೆ ತಿನ್ನಕ್ಕೇನು ರೋಗ?" ಅಂದೆ. ತಿಂದರು.

ತಮಾಷೆ ಹಾಗಿರಲಿ. ರವಿಕೆ ಸಡಿಲವಾಗಿ ಪಿನ್ನು ಹಾಕಿಕೊಳ್ಳುತ್ತಿದ್ದೇನೆ. ಆ ಪೇಸ್ಟು ಎರಡು ತುತ್ತಿಗೇ ಸಾಕೆನಿಸುತ್ತದೆ. ಮೈದುನನ ಹೆಂಡತಿಯದೂ ಹೀಗೇ ಆಯಿತು. ಹಿಂದಿನ ಬೀದಿಯಲ್ಲೇ ಇದ್ದಾಳೆ, ನನಗಿಂತ ಚಿಕ್ಕವಳು. ಕಟ್ಟಿಸಿದ ಹಲ್ಲು ಚುಚ್ಚಿತೆಂದು ಬೀರುವಿನಲ್ಲಿಟ್ಟು ಗಂಜಿಗಿಳಿದಳು. ಈಗ ಮೆಟ್ಟಿಲಿಳಿಯಲು ಕಾಲಿಗೆ ಬಲವಿಲ್ಲ. ನಾನು ಆ ದಾರಿ ಹಿಡಿಯುವವಳಲ್ಲ. ಎಲ್ಲರ ತಟ್ಟೆಯಲ್ಲಿ ಇರುವುದೇ ನನ್ನ ತಟ್ಟೆಯಲ್ಲೂ ಇರಬೇಕು.

ಹತ್ತನೇ ತಾರೀಕು ಹಲ್ಲಿನ ಡಾಕ್ಟರು ಬರಹೇಳಿದ್ದಾರೆ. ಸರಿಮಾಡಿಸದೆ ಬಿಡುವುದಿಲ್ಲ.

ಮಾರ್ಚ್ ೭

ಒಸಡು ಕೆಂಪಗೆ ಉಬ್ಬಿದೆ. ಬಾಯಿ ತೋರಿಸುವುದೆಂದರೆ ನೆಂಟರನ್ನು ಒಳಗೆ ಕರೆದ ಹಾಗೆ. ಮೊದಲು ಗುಡಿಸಬೇಡವೇ? ಹಲ್ಲು ತೆಗೆದು ಲೋಟಕ್ಕೆ ಹಾಕಿದೆ. ಹತ್ತನೇ ತಾರೀಕಿನ ತನಕ ಅಲ್ಲೇ ಇರಲಿ. ಹೊತ್ತು ಹೊತ್ತಿಗೆ ಉಪ್ಪುನೀರು ಮುಕ್ಕಳಿಸುವುದು. ಯಾರಿಗೂ ಹೇಳಲಿಲ್ಲ. ಬಾಯಿ ಮುಚ್ಚಿಕೊಂಡೇ ಇದ್ದೇನೆ. ನಾನು ಬಾಯಿ ಮುಚ್ಚಿಕೊಂಡರೂ ಈ ಮನೆಯಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲವಲ್ಲ...

ಮಾರ್ಚ್ ೧೦, ಸಂಜೆ

ಡಾಕ್ಟರು ಚಿಕ್ಕ ಹುಡುಗಿ. ಕೈ ಹಗುರ. ಟಾರ್ಚು ಬಿಟ್ಟು ನೋಡಿದಳು.

"ಒಸಡು ಚೆನ್ನಾಗಿದೆಯಲ್ಲ ಅಜ್ಜಿ. ಎಲ್ಲೂ ಒತ್ತಿದ ಗುರುತೇ ಇಲ್ಲ."

"ಚುಚ್ಚತ್ತಮ್ಮ. ಇಲ್ಲೇ ಎಲ್ಲೋ."

"ಎಲ್ಲೋ ಅಂದ್ರೆ ಹಲ್ಲಿನ ಸೆಟ್ಟನ್ನ ಎಲ್ಲಿ ಅಂತ ಉಜ್ಜಿ ಸವೆಸ್ಲಿ? ತಪ್ಪು ಜಾಗದಲ್ಲಿ ಉಜ್ಜಿದ್ರೆ ಸೆಟ್ಟೇ ಸಡಿಲ ಆಗತ್ತೆ. ಇನ್ನೊಂದಿಷ್ಟು ದಿನ ಹಾಕಿ ನೋಡಿ."

ಹಾಗೇ ವಾಪಸ್. ಕಾರಿನಲ್ಲಿ ಮಗ, "ಈ ವಯಸ್ಸಲ್ಲಿ ಯಾಕಮ್ಮ ಹಠ? ಮಿಕ್ಸಿ ಇದೆಯಲ್ಲ" ಅಂದ.

ಮಾರ್ಚ್ ೧೧

ಹಾಕಿಕೊಂಡು ಅರ್ಧ ಚಪಾತಿ ತಿಂದೆ. ಅದೇ ಜಾಗ. ಕಣ್ಣಲ್ಲಿ ನೀರು ಬಂತು. ಸೊಸೆ ನೋಡಿಬಿಟ್ಟಳು.

"ನಿನ್ನೆ ಏನೂ ಇಲ್ಲ ಅಂದ್ರಲ್ಲ ಡಾಕ್ಟ್ರು? ಅತ್ತೆ... ಹೋಗೋಕೆ ಮುಂಚೆ ಹಲ್ಲು ಹಾಕ್ಕೊಂಡಿದ್ರಾ ಇಲ್ವಾ?"

ಹೇಳಿದೆ. ಉಪ್ಪುನೀರಿನ ಕತೆಯನ್ನೂ ಹೇಳಿದೆ. ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಚಪ್ಪಲಿ ಕಚ್ಚತ್ತೆ ಅಂತ ತೋರಿಸೋಕೆ ಹೋಗೋರು ಗಾಯ ಮಾಗಿಸ್ಕೊಂಡು ಹೋಗ್ತಾರಾ? ಗುಡಿಸಿಟ್ಟು, ಕಸ ಹುಡುಕಿ ಅಂದ್ರೆ ಅವರಾದ್ರೂ ಎಲ್ಲಿ ಹುಡುಕಬೇಕು?"

ಇವಳಿಗೂ ನಾಲಿಗೆ ಬಂದಿದೆ. ನನ್ನ ಜೊತೆ ಇದ್ದು ಬರದೆ ಇರುತ್ತದೆಯೇ.

ತಾನೇ ಫೋನು ಮಾಡಿದಳು. ಡಾಕ್ಟರು ನಕ್ಕರಂತೆ. ಹದಿನಾಲ್ಕಕ್ಕೆ ಬನ್ನಿ, ಹಿಂದಿನ ದಿನದಿಂದ ಹಾಕಿಕೊಂಡು, ಅದರಲ್ಲೇ ಊಟ ಮಾಡಿ ಬನ್ನಿ ಅಂದರಂತೆ.

ಮಾರ್ಚ್ ೧೪

ನೋಯಿಸಿಕೊಂಡೇ ಹೋದೆ. ಬಾಯಿ ತೆಗೆದ ಕೂಡಲೇ, "ಓ, ಇಲ್ಲಿದೆ" ಅಂದಳು ಹುಡುಗಿ. ಕಳೆದ ಓಲೆ ಸಿಕ್ಕಷ್ಟು ಖುಷಿ. ಬಣ್ಣದ ಕಡ್ಡಿಯಿಂದ ಗುರುತು ಹಾಕಿ, ಸೆಟ್ಟು ತೆಗೆದು, ಸಣ್ಣ ಚಕ್ರದಲ್ಲಿ ಕಿರ್ರ್ ಅಂತ ಒಂಚೂರು ಉಜ್ಜಿದಳು. ಅಷ್ಟೇ. ಅಷ್ಟಕ್ಕೆ ಇಷ್ಟು ದಿನ.

"ಸಣ್ಣ ತುತ್ತು ತಗೊಳ್ಳಿ. ಮುಂದಿನ ಹಲ್ಲಲ್ಲಿ ಕಚ್ಚಬೇಡಿ. ಎರಡೂ ಕಡೆ ಒಟ್ಟಿಗೆ ಅಗೀರಿ ಅಜ್ಜಿ, ಒಂದೇ ಕಡೆ ಅಗಿದ್ರೆ ಇನ್ನೊಂದು ಕಡೆ ಏಳತ್ತೆ."

"ಗೊತ್ತು ಬಿಡು. ಇಬ್ಬರು ಮಕ್ಕಳನ್ನ ಸಾಕಿದವಳು ನಾನು" ಅಂದೆ.

ಏಪ್ರಿಲ್ ೬, ಮಧ್ಯಾಹ್ನ

ಬಾಳೆಹಣ್ಣಿನಿಂದ ಶುರುಮಾಡಿ ಬೆಂದ ಬೀನ್ಸ್, ಚಪಾತಿ ಎಲ್ಲ ದಾಟಿಯಾಗಿತ್ತು. ಈವತ್ತು ಸೊಸೆ ಏನೂ ಹೇಳದೆ ನನ್ನ ತಟ್ಟೆಗೂ ಸೌತೆಕಾಯಿ ಹಾಕಿದಳು. ತೆಳ್ಳಗೆ ಹೆಚ್ಚಿದ್ದಳು. ಮೇಲೆ ಉಪ್ಪು, ಮೆಣಸಿನ ಪುಡಿ. ಎಲ್ಲರೂ ಊಟ ನಿಲ್ಲಿಸಿ ನನ್ನ ಬಾಯನ್ನೇ ನೋಡುತ್ತ ಕೂತರು. ಒಂದೊಂದು ಹೋಳು ಆ ಕಡೆ ಈ ಕಡೆ ಹಾಕಿಕೊಂಡೆ.

ಕರುಂ.

"ಕೇಳಿಸ್ತಾ?" ಅಂದೆ.

"ಬೀದಿಗೇ ಕೇಳಿಸ್ತು" ಅಂದರು ಇವರು. ಕಡಲೆ ಡಬ್ಬಿ ನನ್ನ ಕಡೆ ತಳ್ಳಿದರು. ಅದಕ್ಕಿನ್ನೂ ಸಮಯ ಇದೆ. ಡಬ್ಬಿ ಮಾತ್ರ ಇಟ್ಟುಕೊಂಡೆ.

ಮಿಕ್ಸಿ ಅಟ್ಟ ಹತ್ತಿತು. ರವಿಕೆಯ ಪಿನ್ನೂ ತೆಗೆದೆ.

ಈಗ ಮೈದುನನ ಹೆಂಡತಿಯನ್ನು ನೋಡಲು ಹೊರಟಿದ್ದೇನೆ. ಬೀರು ತೆಗೆಸಿ, ಅವಳ ಹಲ್ಲು ತೊಳೆದು ಹಾಕಿಸಬೇಕು. ಬೈತಾಳೆ, ಬೈಯಲಿ. ನಾಳೆ ಒಂದು ದಿನ ಅವಳನ್ನೂ ಚೆನ್ನಾಗಿ ನೋಯಿಸಿ, ಆಮೇಲೆ ಕೈಹಿಡಿದು ಆ ಡಾಕ್ಟರ್ ಹುಡುಗಿಯ ಹತ್ತಿರ —