ಇವರ ಜೇಬಿನಲ್ಲಿ ನನ್ನ ಪಾಸ್‌ಪೋರ್ಟು

ಮಾರ್ಚ್ ೯, ಸೋಮವಾರ. ಹೋಟೆಲಿನ ಕೋಣೆ.

ಇವರ ಗೊರಕೆ ಕೇಳಿ ಮೈ ಉರಿಯುತ್ತಿದೆ. ಇವತ್ತು ಅಷ್ಟೆಲ್ಲ ಮಾಡಿಯೂ ಈ ಗಂಡನೆಂಬ ಪ್ರಾಣಿಗೆ ನಿದ್ದೆ ಬರುತ್ತದಲ್ಲ!

ಒಂದು ತಿಂಗಳಿಂದ ಉಪದೇಶವೋ ಉಪದೇಶ. ವಿದೇಶದ ಏರ್‌ಪೋರ್ಟಿನಲ್ಲಿ ಇಳಿದ ಕೂಡಲೇ ಟಾಯ್ಲೆಟ್ಟಿಗೆ ಹೋಗಿಬಿಡಬೇಕು, ಆಮೇಲೆ ಸಾಲು ಬಿಟ್ಟು ಬರಲಾಗುವುದಿಲ್ಲ. ಬ್ಯಾಗು ಬೇಗ ಎತ್ತಿಕೊಳ್ಳಬೇಕು, ಇಲ್ಲದಿದ್ದರೆ ಯಾರಾದರೂ ಹೊತ್ತೊಯ್ಯುತ್ತಾರೆ. ಪಾಸ್‌ಪೋರ್ಟು ಜೋಪಾನ. "ನೀನು ಎಲ್ಲಾದ್ರೂ ಬಿಟ್ಟುಬಿಡ್ತೀಯ, ಕೊಡು ಇಲ್ಲಿ" ಎಂದು ನನ್ನದನ್ನೂ ತಮ್ಮ ಜೇಬಿಗೆ ಸೇರಿಸಿಕೊಂಡರು.

ಸರಿ, ಹೇಳಿದ ಹಾಗೆ ಟಾಯ್ಲೆಟ್ಟಿಗೆ ಹೋದೆ. ಹೊರಗೆ ಬಂದರೆ ಇವರ ಪತ್ತೆಯೇ ಇಲ್ಲ. ಸಾಲು ಚಿಕ್ಕದಿತ್ತಂತೆ, ತಮ್ಮ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಂಡು ಬ್ಯಾಗಿಗೆ ಓಡಿದ್ದರು. ಕೌಂಟರಿನ ಮುಂದೆ ನಾನು ಬರಿಗೈಯಲ್ಲಿ ನಿಂತೆ. ಅಧಿಕಾರಿ ಪಾಸ್‌ಪೋರ್ಟು ಕೇಳಿದಳು. ಗಂಡನ ಜೇಬಿನಲ್ಲಿದೆ ಎಂದೆ. ಅವಳು ನೋಡಿದ ನೋಟವನ್ನು ಸಾಯುವವರೆಗೂ ಮರೆಯಲಾರೆ. ಗಾಜಿನ ಕೋಣೆಯಲ್ಲಿ ಕಳ್ಳಿಯ ಹಾಗೆ ಕೂರಿಸಿದರು. ಹೋಗಿಬರುವವರೆಲ್ಲ ಇಣುಕುವವರೇ.

ಕೊನೆಗೆ ಕಾವಲುಗಾರನೊಬ್ಬ ಇವರನ್ನು ಹುಡುಕಿ ಕರೆತಂದ. ಬಂದವರು ಆಡಿದ ಮೊದಲ ಮಾತು: "ಅಷ್ಟೊತ್ತು ಏನ್ ಮಾಡ್ತಿದ್ದೆ ಟಾಯ್ಲೆಟ್ಟಲ್ಲಿ?"

ಇದು ಸಾಲದೆಂಬಂತೆ, ಮಲಗುವ ಮುಂಚೆ ಮೈದುನನಿಗೆ ಫೋನು. ಅವನೂ ಹೆಂಡತಿಯೊಂದಿಗೆ ವಿದೇಶಕ್ಕೆ ಹೊರಟಿದ್ದಾನೆ. "ನೋಡಪ್ಪಾ, ಹೆಂಗಸ್ರನ್ನ ಒಂಟಿಯಾಗಿ ಬಿಡ್ಲೇಬೇಡ. ನಾನಿದ್ದಿದ್ದಕ್ಕೆ ನಿಮ್ಮತ್ತಿಗೆ ಇವತ್ತು ಬಚಾವಾದ್ಲು."

ಎರಡು ಪಾಸ್‌ಪೋರ್ಟೂ ಈಗ ನನ್ನ ದಿಂಬಿನ ಕೆಳಗಿವೆ. ಬೆಳಗ್ಗೆ ಎದ್ದು ಜೇಬು ತಡಕಾಡಲಿ, ಬಾಗಿಲು ಬಡಿಯಲಿ. ನಾನು ಅವುಗಳ ಸಮೇತ ಟಾಯ್ಲೆಟ್ಟಿನಲ್ಲಿರುತ್ತೇನೆ.